ಮೊದಲು ನಾಚಿಕೆಯನ್ನೇ ಹೇಳಿ

ತಮಿಳುನಾಡಿನ ಅವಿನಾಶಿ ಊರಿನಿಂದ ಒಳಕ್ಕೆ ತಿರುಗುವ ರಸ್ತೆಯೊಂದರಲ್ಲಿ ಕನ್ನಡ ಮನೆಮಾತಿನ ನೇಕಾರರ ಬೀದಿಯಿದೆ. ಜಾನಕಿಯಮ್ಮನಿಗೆ ಹೊಟ್ಟೆನೋವು ಎಂಬುದು ಆ ಬೀದಿಗೆಲ್ಲ ಗೊತ್ತಿತ್ತು. ಹೊಟ್ಟೆನೋವೇ ಇಲ್ಲ ಎಂಬುದು ಜಾನಕಿಯಮ್ಮನೊಬ್ಬಳಿಗೇ ಗೊತ್ತಿತ್ತು.

ಹೊಟ್ಟೆನೋವಿಗೆ ಜನ ಏನೇನು ಕೊಡುತ್ತಾರೋ ಅದೆಲ್ಲ ಅವಳ ಮನೆಗೆ ಬಂತು. ಒಬ್ಬರು ಓಮದ ಕಷಾಯ ಕಾಯಿಸಿ ತಂದರು. ಇನ್ನೊಬ್ಬರು ಸುಕ್ಕಿನ, ಅಂದರೆ ಒಣಶುಂಠಿಯ, ಕಾಫಿ ಕುಡಿ ಅಂದರು. ಬಸ್‌ಸ್ಟಾಪಿನ ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ಜಾನಕಿಯಮ್ಮ ಎಲ್ಲವನ್ನೂ ವಿನಯದಿಂದ ನುಂಗಿದಳು. ಇಲ್ಲದ ನೋವಿಗೆ ಮದ್ದು ತಿಂದು, ಇರುವ ಕಾಯಿಲೆಯನ್ನು ಸೀರೆಯ ನೆರಿಗೆಯೊಳಗೆ ಇಟ್ಟುಕೊಂಡು ಓಡಾಡಿದಳು.

ಅವಳಿಗೆ ತಿಂಗಳ ಮುಟ್ಟು ನಿಂತು ಬಹಳ ವರ್ಷಗಳಾಗಿದ್ದವು. ಪೊಂಗಲ್ ಕಳೆದ ಮೇಲೆ ಒಂದು ದಿನ ಮತ್ತೆ ರಕ್ತ ಕಾಣಿಸಿತು. ಕೆಲವು ದಿನ ಇರಲಿಲ್ಲ. ಆಮೇಲೆ ಮತ್ತೆ ಬಂತು.

ಹೋದದ್ದು ಕೆಲವರಿಗೆ ತಿರುಗಿ ಬರುತ್ತದೆ, ಹಾಗೆ ಬಂದವರ ಆಯುಸ್ಸು ಗಟ್ಟಿ ಎಂದು ಹಿಂದೆ ಯಾರೋ ಮುದುಕಿಯರು ನಗಾಡಿದ್ದನ್ನು ಅವಳು ಕೇಳಿದ್ದಳು. ಅದನ್ನೇ ನಂಬಿದಳು. ನಂಬಿದ್ದರಿಂದ ಇನ್ನೊಂದು ಕಷ್ಟ ಹುಟ್ಟಿಕೊಂಡಿತು.

ಆ ಬೀದಿಯ ಕೊನೆಗೆ ಚೌಡೇಶ್ವರಿಯ ಗುಡಿಯಿದೆ. ಅಮ್ಮನಿಗೆ ತಂಬಿಟ್ಟಿನ ದೀಪ ಹಚ್ಚುವಾಗ ಅದರ ಅಕ್ಕಿಯನ್ನು ಕುಟ್ಟುವುದು ಮುಟ್ಟು ನಿಂತ ಹೆಂಗಸರು ಮಾತ್ರ. ವಯಸ್ಸಾಯಿತು ಎಂದು ಅಳುವ ಬದಲು ಅಲ್ಲಿಯ ಹೆಂಗಸರು ಆ ಒನಕೆಗಾಗಿ ಕಾಯುತ್ತಿದ್ದರು. ಜಾನಕಿಯಮ್ಮನ ಕೈಗೆ ಅದು ಬಂದಾಗ ಅವಳು ಎಷ್ಟು ಸಂತೋಷಪಟ್ಟಿದ್ದಳೆಂದರೆ, ಮಗನ ಮದುವೆಯಲ್ಲೂ ಅಷ್ಟು ಪಟ್ಟಿರಲಿಲ್ಲ. ಈಗ ರಕ್ತ ಕಂಡ ಮೇಲೆ ಆ ಒನಕೆ ಮುಟ್ಟುವಂತಿಲ್ಲ. ಯಾಕೆ ಮುಟ್ಟುತ್ತಿಲ್ಲ ಎಂದು ಹೇಳುವಂತಿಲ್ಲ. ಮೊದಲ ಸಲ ಕಂಡದ್ದು ಅಕ್ಕಿ ಕುಟ್ಟಿ ಬಂದ ಸಂಜೆಯೇ. ಹಾಗಾದರೆ ಕುಟ್ಟುವಾಗಲೇ ಬಂದಿತ್ತೇನೋ? ಈ ಪ್ರಶ್ನೆ ಅವಳನ್ನು ರಕ್ತಕ್ಕಿಂತ ಹೆಚ್ಚು ಹೆದರಿಸಿತು. ಆದ್ದರಿಂದ ಹೊಟ್ಟೆನೋವು ಅಂದಳು. ಗುಡಿಗೆ ಹೋಗುವುದನ್ನೇ ಬಿಟ್ಟಳು. ಕಾಯಿಲೆಗೆ ಮದ್ದು ಹುಡುಕುವ ಬದಲು ತಾನೇ ತನ್ನನ್ನು ಹೊರಗೆ ಕೂರಿಸಿಕೊಂಡಳು. ಒಂದೇ ಮನೆಯಲ್ಲಿದ್ದು, ಒಂದೇ ಒಲೆಯ ಊಟ ಉಂಡು, ಯಾರಿಗೂ ಕಾಣದ ಹಾಗೆ ಹೊರಗೆ ಕೂರುವುದು ಸುಲಭದ ಕೆಲಸವಲ್ಲ. ಅದನ್ನು ಅವಳು ತಿಂಗಳುಗಟ್ಟಲೆ ಮಾಡಿದಳು.

ಸೊಸೆ ನಿತ್ಯಾ ಕೇಳಿದಾಗಲೆಲ್ಲ, "ಏನಿಲ್ಲಮ್ಮ, ವಾಯು," ಅನ್ನುತ್ತಿದ್ದಳು.

ಗಂಡ ಗೋಪಾಲಸಾಮಿ ಕೇಳುತ್ತಿರಲಿಲ್ಲ. ಅವನು ಮಾತಿನ ಮನುಷ್ಯನಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವರದು ನಾಲ್ಕು ತರಿ, ಅಂದರೆ ಕರೆಂಟಿನಲ್ಲಿ ಓಡುವ ಮಗ್ಗ. ತರಿಯ ಸದ್ದಿನಲ್ಲಿ ಬೆಳೆದವರು ಎರಡು ಬಗೆ ಆಗುತ್ತಾರೆ. ಕೆಲವರು ಎಲ್ಲವನ್ನೂ ಕೂಗಿ ಹೇಳುತ್ತಾರೆ, ಕೆಲವರು ಹೇಳುವುದನ್ನೇ ಬಿಟ್ಟುಬಿಡುತ್ತಾರೆ. ಗೋಪಾಲಸಾಮಿ ಬಿಟ್ಟುಬಿಟ್ಟವನು.

ಕೂಗಿ ಹೇಳುವವಳು ಹಾಲಿನ ಸಾಮಿಯಾತಾಳ್. ಪಕ್ಕದ ತೋಟದವಳು, ವಯಸ್ಸಿನಲ್ಲಿ ಜಾನಕಿಯಮ್ಮನಿಗಿಂತ ಹಿರಿಯಳು, ಬೆಳಗ್ಗೆ ಹಾಲು ಕೊಡಲು ಬಂದರೆ ಬೀದಿಯ ಸುದ್ದಿಯನ್ನೆಲ್ಲ ಹಾಲಿನಂತೆ ಕರೆದುಕೊಂಡೇ ಹೋಗುವವಳು. ಅವಳಿಗೆ ಕನ್ನಡ ಬಾರದು. ಅವಳ ಜೊತೆ ಮಾತೆಲ್ಲ ತಮಿಳಿನಲ್ಲೇ. ತನಗಿಂತ ಕಿರಿಯ ಹೆಂಗಸರೆಲ್ಲ ಅವಳ ಬಾಯಲ್ಲಿ ಅಮ್ಮುಣಿಗಳು. ಒಂದು ಬೆಳಗ್ಗೆ ಅವಳು ಹಾಲಿನ ಕ್ಯಾನು ಹಿಡಿದುಕೊಂಡು ನೇರವಾಗಿ ಶೆಡ್ಡಿಗೇ ಬಂದಳು. ನಾಲ್ಕು ತರಿಯೂ ಓಡುತ್ತಿದ್ದವು.

"ಏನಮ್ಮುಣಿ, ಹಿಂಡಿದ ಬಟ್ಟೆ ಆಗಿದ್ದೀಯಲ್ಲ! ಮುಖದಲ್ಲಿ ರಕ್ತವೇ ಇಲ್ಲ."

ಜಾನಕಿಯಮ್ಮ ಕಡಿದ ನೂಲನ್ನು ಗಂಟು ಹಾಕುತ್ತಾ ತಲೆ ತಗ್ಗಿಸಿದಳು.

"ಹೊಟ್ಟೆನೋವು ಅಕ್ಕಾ."

"ಎಲ್ಲಿ? ಕೈ ಇಟ್ಟು ತೋರಿಸು."

ಜಾನಕಿಯಮ್ಮ ಎದೆಯ ಕೆಳಗೆ ಕೈ ಇಟ್ಟಳು. ಆಮೇಲೆ ಕೈ ಸ್ವಲ್ಪ ಕೆಳಗಿಳಿಯಿತು. ಇನ್ನೂ ಸ್ವಲ್ಪ ಇಳಿದು, ಬೆಂಕಿ ತಾಗಿದ ಹಾಗೆ ಹಿಂದಕ್ಕೆ ಬಂತು.

ಸಾಮಿಯಾತಾಳ್ ಆ ಕೈಯನ್ನೇ ನೋಡುತ್ತಿದ್ದಳು. "ಓಹೋ. ನನ್ನ ಎಮ್ಮೆಗೆ ಗರ್ಭಕೋಶದ ತೊಂದರೆ ಆದರೆ ದನದ ಡಾಕ್ಟರಿಗೆ ಫೋನ್ ಮಾಡಿ ಬಾಲದಿಂದ ಹಿಡಿದು ಎಲ್ಲ ಹೇಳ್ತೀವಿ. ನಮಗೆ ಬಂದರೆ ಮಾತ್ರ ಅದು ಹೊಟ್ಟೆನೋವು! ನನ್ನದನ್ನು ಹೋದ ವರ್ಷವೇ ತೆಗೆಸಿ ಹಾಕಿದೆ. ಅದು ಹೋಯಿತು, ನಾನು ಹೋಗಲಿಲ್ಲ. ಹೇಳು ಮತ್ತೆ."

"ಏನೂ ಇಲ್ಲ."

"ಏನಂದೆ? ತರಿ ಸದ್ದು, ಕೇಳ್ತಿಲ್ಲ!"

ಜಾನಕಿಯಮ್ಮ ಒಮ್ಮೆ ಹಿಂದೆ ಮುಂದೆ ನೋಡಿದಳು. ಇಷ್ಟು ಸದ್ದಿನಲ್ಲಿ ಯಾರಿಗೂ ಕೇಳದು ಎಂಬ ಧೈರ್ಯ ಎಲ್ಲಿಂದಲೋ ಬಂತು. ಸಾಮಿಯಾತಾಳ್ ಕಿವಿಯ ಹತ್ತಿರ ಬಾಯಿ ತಂದು, ಇಷ್ಟು ತಿಂಗಳು ಹಿಡಿದಿಟ್ಟಿದ್ದನ್ನೆಲ್ಲ ಸೇರಿಸಿ ಕೂಗಿದಳು.

"ನಿಂತು ಹೋದದ್ದು ತಿರುಗಿ ಬಂದಿದೆ ಅಕ್ಕಾ! ರಕ್ತ ಹೋಗ್ತಾ ಇದೆ!"

ಅದೇ ಗಳಿಗೆಗೆ ಕರೆಂಟು ಹೋಯಿತು.

ನಾಲ್ಕು ತರಿಯೂ ಒಟ್ಟಿಗೆ ನಿಂತವು. ಬೀದಿಯ ತರಿಗಳೆಲ್ಲ ನಿಂತವು. "ರಕ್ತ ಹೋಗ್ತಾ ಇದೆ" ಎಂಬ ಮಾತು ಮಾತ್ರ ತಗಡಿನ ಮಾಡಿನ ಕೆಳಗೆ ನಿಂತುಕೊಂಡಿತು. ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ನಿತ್ಯಾ ತಲೆಯೆತ್ತಿದಳು. ಆ ಕೊನೆಯ ತರಿಯ ಹತ್ತಿರ ಗೋಪಾಲಸಾಮಿ ಲಾಳಿ ಹಿಡಿದುಕೊಂಡು ನಿಂತಿದ್ದ. ಅವನು ಹೆಂಡತಿಯನ್ನು ನೋಡಲಿಲ್ಲ. ಲಾಳಿಯನ್ನು ಕೆಳಗಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಜಾನಕಿಯಮ್ಮ ಇದ್ದಲ್ಲೇ ಕೂತಳು. "ಮಾನ ಹೋಯ್ತು," ಅಂದಳು, ಕನ್ನಡದಲ್ಲಿ.

ಕನ್ನಡ ಬಾರದಿದ್ದರೂ ಸಾಮಿಯಾತಾಳ್‌ಗೆ ಅಷ್ಟು ಅರ್ಥವಾಯಿತು. ಪಕ್ಕದಲ್ಲಿ ಕೂತಳು. ಈಗ ಅವಳ ದನಿಯೂ ಕೆಳಗಿಳಿದಿತ್ತು. "ಅಮ್ಮುಣಿ, ನಿಂತು ಒಂದು ವರ್ಷ ದಾಟಿದ ಮೇಲೆ ಬರೋದು ಮುಟ್ಟಲ್ಲ. ಅದು ಏನೋ ಕಾಯಿಲೆ. ಸಣ್ಣದೇ ಇರಬಹುದು, ದೊಡ್ಡದೂ ಇರಬಹುದು. ನನಗೆ ಆಸ್ಪತ್ರೆಯಲ್ಲಿ ಹೇಳಿದ ಮಾತು ಇದು. ನೋಡಿಸದೆ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ."

"ಅಲ್ಲಿ ಸೀರೆ ಬಿಚ್ಚಬೇಕಲ್ಲ ಅಕ್ಕಾ."

"ಬೇಕು."

"ಗಂಡಸು ಡಾಕ್ಟರು ಇದ್ದರೆ?"

"ಹೆಂಗಸು ಬೇಕು ಅಂತ ಕೇಳು. ಬಾಯಿ ಎಲ್ಲಿ ಅಡವಿಟ್ಟಿದ್ದೀಯ?"

ನಿತ್ಯಾ ಬಂದು ಅತ್ತೆಯ ಕಾಲ ಬಳಿ ಕೂತಳು. "ನನಗಾದರೂ ಹೇಳಬಾರದಿತ್ತಾ ಅತ್ತೆ? ಸೀರೆ ನೀವೇ ಒಗೆದುಕೊಳ್ತಾ ಇದ್ದಿರಿ. ನಾನು ಒಗೆದದ್ದು ಚೆನ್ನಾಗಿಲ್ಲ ಅಂತ ಕೋಪ ಅಂದ್ಕೊಂಡಿದ್ದೆ."

ಮಧ್ಯಾಹ್ನ ಗೋಪಾಲಸಾಮಿ ವಾಪಸ್ ಬಂದ. ಊಟಕ್ಕೆ ಕೂತು, ಅನ್ನಕ್ಕೆ ಸಾರು ಕಲಸುತ್ತಾ, ತಟ್ಟೆಗೇ ಹೇಳಿದ ಹಾಗೆ ಹೇಳಿದ. "ನಾಳೆ ಬೆಳಗ್ಗೆ ಆಟೋ ಬರುತ್ತೆ. ಬಸ್‌ಸ್ಟ್ಯಾಂಡ್‌ವರೆಗೂ." ಅಷ್ಟೇ. ಮಗ್ಗದ ಮುಂದಿನಿಂದ ಎಂದೂ ಏಳದ ಮನುಷ್ಯ ಅರ್ಧ ದಿನ ಆಟೋ ಹುಡುಕಲು ಹೋಗಿದ್ದ. ಜಾನಕಿಯಮ್ಮ ತಲೆಯಾಡಿಸಿದಳು.

ಜಿಲ್ಲೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಮೂವರು ಹೆಂಗಸರೂ ಹೋದರು. ಅದು ಡಾಕ್ಟರಿಕೆ ಕಲಿಸುವ ಆಸ್ಪತ್ರೆ. ಬಿಳಿ ಕೋಟು ಹಾಕಿದ ಹುಡುಗ ಹುಡುಗಿಯರು ಎಲ್ಲೆಂದರಲ್ಲಿ ಇದ್ದರು. ಹೆಂಗಸರ ವಿಭಾಗದಲ್ಲಿ ಬಹಳ ಹೊತ್ತು ಕಾದ ಮೇಲೆ ಜಾನಕಿಯಮ್ಮನ ಹೆಸರು ಕೂಗಿದರು. ಒಳಗೆ ಮೇಜಿನ ಹಿಂದೆ ಒಬ್ಬಳು ಎಳೆಯ ಡಾಕ್ಟರು ಕೂತಿದ್ದಳು. ಅವಳ ಸುತ್ತ ವಿದ್ಯಾರ್ಥಿಗಳು ಅರ್ಧ ವೃತ್ತವಾಗಿ ನಿಂತಿದ್ದರು.

"ಭಯ ಪಡಬೇಡಿ ಅತ್ತೆ, ನಾನಿದ್ದೀನಲ್ಲ," ಎಂದು ನಿತ್ಯಾ ಮೆಲ್ಲಗೆ ಕನ್ನಡದಲ್ಲಿ ಹೇಳಿದಳು.

ಎಳೆಯ ಡಾಕ್ಟರ ಮುಖ ಅರಳಿತು. "ಅಯ್ಯೋ, ನೀವು ಕನ್ನಡದವರಾ? ನಾನು ಭಾವನಾ, ಹಾಸನದ ಕಡೆಯವಳು. ಓದಕ್ಕೆ ಇಲ್ಲಿಗೆ ಬಂದೆ. ಎಷ್ಟು ದಿನ ಆಯ್ತು ಕನ್ನಡ ಕೇಳಿ!" ಎಂದಳು. ಆಮೇಲೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬ ನಂಬಿಕೆಯಲ್ಲಿ, ಜೋರಾಗಿ, ಸ್ಪಷ್ಟವಾದ ಕನ್ನಡದಲ್ಲಿ ಬೇಗಬೇಗ ಕೇಳತೊಡಗಿದಳು. "ಹೇಳಿ ಅಮ್ಮ, ಮುಟ್ಟು ಯಾವಾಗ ನಿಂತಿತು? ಈಗ ರಕ್ತಸ್ರಾವ ಆಗ್ತಿದೆಯಾ? ಗಂಡನ ಜೊತೆ ಸೇರಿದ ಮೇಲೆ ಆಗುತ್ತಾ?"

ಜಾನಕಿಯಮ್ಮನ ಕಿವಿ ಕಾದವು.

ತಮಿಳು ಅವಳಿಗೆ ಬೀದಿಯ ಮಾತು. ಅದರಲ್ಲಿ ಅವಳು ಅಂಗಡಿಯವನ ಜೊತೆ ಚೌಕಾಸಿ ಮಾಡಿದ್ದಳು, ರೇಷನ್ನಿನವನ ಜೊತೆ ಜಗಳ ಆಡಿದ್ದಳು. ಕನ್ನಡ ಹೊಸ್ತಿಲಿನ ಒಳಗಿನ ಮಾತು. ಬರೆಯಲು ಓದಲು ಬಾರದಿದ್ದರೂ ಅದು ಅತ್ತೆಯ ಮುಂದೆ, ಮಾವನ ಮುಂದೆ, ದೇವರ ಮುಂದೆ ಆಡುವ ಮಾತು. 'ಮುಟ್ಟು' ಎಂಬುದನ್ನು ಈ ಭಾಷೆಯಲ್ಲಿ ಅವಳಿಗೆ ಹೇಳಿದವರು ಇಬ್ಬರೇ, ತಾಯಿ ಮತ್ತು ಅತ್ತೆ, ಅದೂ ಹಿತ್ತಲ ಬಾಗಿಲಲ್ಲಿ ಪಿಸುಗುಟ್ಟಿ. ಈಗ ಅದನ್ನು ಒಂದು ಕೋಣೆ ತುಂಬ ಜನರ ಮುಂದೆ ಕೇಳಿದಾಗ, ಮನೆಯ ಹಿರಿಯರೆಲ್ಲ ಅಲ್ಲಿಗೆ ಬಂದು ನಿಂತ ಹಾಗಾಯಿತು. ಸೀರೆ ಇನ್ನೂ ಮೈಮೇಲಿದ್ದಾಗಲೇ ಬಿಚ್ಚಿದ ಹಾಗಾಯಿತು.

ಅವಳು ತಲೆಯೆತ್ತಿದಳು. ಅರ್ಧ ವೃತ್ತದಲ್ಲಿದ್ದ ಒಬ್ಬ ಹುಡುಗನ ತುಟಿ ನಗುವಂತೆ ವಾರೆಯಾಯಿತು.

"ಹೊಟ್ಟೆನೋವು ಅಷ್ಟೇ," ಎಂದು ತಮಿಳಿನಲ್ಲಿ ಹೇಳಿ ಜಾನಕಿಯಮ್ಮ ಎದ್ದಳು. ಹಿಂದೆ ನೋಡದೆ ಹೊರಗೆ ನಡೆದಳು.

ಆಸ್ಪತ್ರೆಯ ಅಂಗಳದಲ್ಲಿ ಒಂದು ಹೊಂಗೆ ಮರ, ಅದರ ಸುತ್ತ ಸಿಮೆಂಟಿನ ಕಟ್ಟೆ. ಅವಳು ಅಲ್ಲಿಗೆ ಬಂದು ಕೂತಳು.

"ಮನೆಗೆ ಹೋಗೋಣ," ಅಂದಳು.

"ಹೋಗೋಣ," ಅಂದಳು ಸಾಮಿಯಾತಾಳ್. "ಹೋಗಿ ಏನು ಮಾಡ್ತೀಯ? ಓಮದ ಕಷಾಯ ಕುಡೀತೀಯಾ?"

"ಅವರು ನಕ್ಕರು ಅಕ್ಕಾ."

ಸಾಮಿಯಾತಾಳ್ ಸೆರಗಿನ ಗಂಟು ಬಿಚ್ಚಿ ಬಸ್ಸಿಗೆ ಚಿಲ್ಲರೆ ಎಣಿಸತೊಡಗಿದಳು. ಅದನ್ನು ಕಂಡು ನಿತ್ಯಾಳಿಗೆ ನಿಜವಾಗಿ ಭಯವಾಯಿತು. ಅತ್ತೆ ಇವತ್ತು ಬಸ್ಸು ಹತ್ತಿದರೆ ಮತ್ತೆ ಈ ಬಾಗಿಲಿಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆಗ ಬಿಳಿ ಕೋಟೊಂದು ಮರದ ಕಡೆಗೆ ಬರುವುದು ಕಾಣಿಸಿತು. ಭಾವನಾ. ಕಟ್ಟೆಯ ಹತ್ತಿರ ಬಂದು ಕೋಟನ್ನು ಬಿಚ್ಚಿ ಮಡಚಿ ಕೈಯಲ್ಲಿ ಹಿಡಿದುಕೊಂಡಳು. ಕೋಟಿಲ್ಲದೆ ಅವಳು ಕಾಲೇಜಿಗೆ ಹೋಗುವ ಯಾವುದೋ ಮನೆಯ ಹುಡುಗಿಯ ಹಾಗಿದ್ದಳು.

"ಇಲ್ಲಿ ಕೂರಬಹುದಾ ಅಮ್ಮ?"

ಜಾನಕಿಯಮ್ಮ ಸೆರಗನ್ನು ಮೈತುಂಬ ಹೊದ್ದುಕೊಂಡಳು. ಭಾವನಾ ಸ್ವಲ್ಪ ದೂರ ಬಿಟ್ಟು ಕೂತಳು. ಕೂತು ಏನೂ ಕೇಳಲಿಲ್ಲ. ಮೊದಲು ಬಾಯಿಬಿಟ್ಟವಳು ಸಾಮಿಯಾತಾಳೇ.

"ನಿಮ್ಮ ಜೊತೆ ಇದ್ದ ಆ ಹುಡುಗ ಯಾಕಮ್ಮ ನಕ್ಕದ್ದು? ಅವನ ಅಮ್ಮನಿಗೆ ಹೀಗಾದರೆ ನಗ್ತಾನಾ?"

"ಕುಮರೇಶನ್ ಅಂತ. ಭಯ ಆದರೆ ಅವನಿಗೆ ಮುಖ ಹಾಗಾಗುತ್ತೆ. ಈಗ ಅಲ್ಲಿ ಗೋಡೆ ಕಡೆ ತಿರುಗಿ ನಿಂತಿದ್ದಾನೆ." ಕನ್ನಡದಲ್ಲೇ ಹೇಳುತ್ತಾ ಭಾವನಾ ತನ್ನ ಬೆರಳುಗಳನ್ನು ನೋಡಿಕೊಂಡಳು; ನಿತ್ಯಾ ಅದನ್ನು ಸಾಮಿಯಾತಾಳ್‌ಗೆ ಮೆಲ್ಲಗೆ ತಮಿಳಿನಲ್ಲಿ ಹೇಳಿದಳು. "ಅವನೊಬ್ಬನದೇ ತಪ್ಪಲ್ಲ. ನನಗೂ ಇದನ್ನೆಲ್ಲ ಕೇಳಕ್ಕೆ ನಾಚಿಕೆ ಆಗುತ್ತೆ. ಅದಕ್ಕೇ ಜೋರಾಗಿ, ಬೇಗಬೇಗ ಕೇಳಿಬಿಡ್ತೀನಿ. ಮುಗಿದರೆ ಸಾಕು ಅಂತ. ನಮಗೆ ಮೂಳೆ, ನರ ಎಲ್ಲದರ ಹೆಸರೂ ಬರುತ್ತೆ. ಎದುರಿಗೆ ಕೂತವರು ತಲೆ ತಗ್ಗಿಸಿದರೆ ಏನು ಮಾಡಬೇಕು ಅಂತ ಇನ್ನೂ ಸರಿಯಾಗಿ ಬರಲ್ಲ."

ಡಾಕ್ಟರಿಗೂ ನಾಚಿಕೆ ಆಗುತ್ತದೆ ಎಂಬುದು ಜಾನಕಿಯಮ್ಮನಿಗೆ ಹೊಸದು. ಅವಳು ಮೊದಲ ಸಲ ಆ ಹುಡುಗಿಯ ಮುಖ ನೋಡಿದಳು.

"ನೀವು ಎದ್ದು ಹೋದ ಮೇಲೆ ನಮ್ಮ ದೊಡ್ಡ ಡಾಕ್ಟರು ಬಂದರು, ಶೋಭನಾ ಮೇಡಂ. ಪೇಷೆಂಟ್ ಸಹಕರಿಸಲಿಲ್ಲ ಅಂದೆ. ಅವರು ಬೈಯಲಿಲ್ಲ. 'ನಿನ್ನ ನಾಚಿಕೆಯನ್ನ ಅವರ ತಲೆಗೆ ಕಟ್ಟಬೇಡ. ಹೋಗಿ ಪಕ್ಕದಲ್ಲಿ ಕೂತ್ಕೋ. ಅವರು ಬಂದರೆ ಬರಲಿ' ಅಂದರು." ಭಾವನಾ ಕತ್ತೆತ್ತಿದಳು. "ನನ್ನದು ತಪ್ಪಾಯ್ತು ಅಮ್ಮ."

ಮರದ ಕೆಳಗೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಮೌನ ಶೆಡ್ಡಿನಲ್ಲಿ ಕರೆಂಟು ಹೋದಾಗಿನ ಮೌನದ ಹಾಗಿರಲಿಲ್ಲ. ಅದರಲ್ಲಿ ಯಾರೂ ಯಾರನ್ನೂ ಅವಸರಪಡಿಸುತ್ತಿರಲಿಲ್ಲ.

"ನನಗೆ ಹೇಳಕ್ಕೆ ನಾಚಿಕೆ ಆಗುತ್ತೆ ಕಣ್ಣು," ಅಂದಳು ಜಾನಕಿಯಮ್ಮ. ಅವರ ಬೀದಿಯಲ್ಲಿ ಮಕ್ಕಳನ್ನು ಮುದ್ದಿನಿಂದ ಕರೆಯುವುದು ಹಾಗೆ, ಕಣ್ಣು ಅಂತ.

"ಅಷ್ಟು ಹೇಳಿದ್ರಲ್ಲ, ಸಾಕು. ಅಲ್ಲಿಂದಲೇ ಶುರು ಮಾಡೋಣ. ಏನು ಮಾಡಿದರೆ ನಾಚಿಕೆ ಸ್ವಲ್ಪ ಕಮ್ಮಿ ಆಗುತ್ತೆ ಹೇಳಿ."

ಇಂಥ ಪ್ರಶ್ನೆಯನ್ನು ಅವಳ ಜೀವಮಾನದಲ್ಲಿ ಯಾರೂ ಕೇಳಿರಲಿಲ್ಲ. ಜಾನಕಿಯಮ್ಮ ಯೋಚಿಸಿದಳು.

"ತಮಿಳಲ್ಲಿ ಕೇಳು."

"ತಮಿಳಲ್ಲಾ?" ಭಾವನಾ ಗಲಿಬಿಲಿಗೊಂಡಳು. "ಕನ್ನಡದಲ್ಲಿ ಕೇಳಿದರೆ ನಿಮಗೆ ಹಿತ ಅನ್ಕೊಂಡಿದ್ದೆ."

"ಕನ್ನಡ ನಮಗೆ ಮನೆ ಒಳಗಿನದು. ಅದರಲ್ಲಿ ಇದನ್ನ ಹೇಳಕ್ಕೆ ನಾಲಿಗೆ ಏಳಲ್ಲ."

"ನನ್ನ ತಮಿಳು ಕೇಳಿದರೆ ನೀವು ನಗ್ತೀರಿ ಅಮ್ಮ."

"ನಗ್ತೀನಿ ಬಿಡು. ಈ ಸಲ ನನ್ನ ಸರದಿ."

ಭಾವನಾಳ ತಮಿಳು ನಿಜಕ್ಕೂ ನಗುವ ಹಾಗೇ ಇತ್ತು. ಹಾಸನದಿಂದ ಹೊರಟು ದಾರಿ ತಪ್ಪಿ ಸತ್ಯಮಂಗಲದ ಕಾಡಿನಲ್ಲಿ ಅಲೆದು ಬಂದ ಹಾಗಿತ್ತು. ಸಾಮಿಯಾತಾಳ್ ಬಾಯಿಗೆ ಸೆರಗು ಒತ್ತಿಕೊಂಡಳು. ಜಾನಕಿಯಮ್ಮ ಒಂದೊಂದು ಮಾತನ್ನೂ ತಿದ್ದಿದಳು, ತಿದ್ದುತ್ತಾ ತಿದ್ದುತ್ತಾ ಉತ್ತರವನ್ನೂ ಹೇಳಿದಳು. ಎಂದಿನಿಂದ, ಎಷ್ಟು, ಹೇಗೆ, ಎಲ್ಲವನ್ನೂ. ತಿಂಗಳುಗಟ್ಟಲೆ ಹೊರಡದ ಮಾತು ಆ ಕಟ್ಟೆಯ ಮೇಲೆ ಹೊರಟುಬಂತು. ಕೊನೆಗೆ ಅಕ್ಕಿ ಕುಟ್ಟಿದ ಸಂಜೆಯದನ್ನೂ ಹೇಳಿಬಿಟ್ಟಳು.

ಭಾವನಾ ನಗಲಿಲ್ಲ, ಅದೆಲ್ಲ ಮೂಢನಂಬಿಕೆ ಎಂದು ಪಾಠ ಹೇಳಲಿಲ್ಲ. "ಇಷ್ಟು ತಿಂಗಳು ಇದನ್ನ ಒಬ್ಬರೇ ಹೊತ್ತುಕೊಂಡಿದ್ದಿರಾ ಅಮ್ಮ?" ಅಂದಳು. ಜಾನಕಿಯಮ್ಮನ ಕಣ್ಣು ತುಂಬಿತು.

ಒಳಗೆ ಶೋಭನಾ ಡಾಕ್ಟರು ಕಾಯುತ್ತಿದ್ದರು. ತಲೆ ನರೆತ, ಮಾತು ಕಡಿಮೆಯ ಹೆಂಗಸು. ಮೊದಲು ಬಾಗಿಲು ಹಾಕಿಸಿದರು. ಪರದೆ ಎಳೆದರು. ಒಬ್ಬ ನರ್ಸಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಆಮೇಲೆ ಜಾನಕಿಯಮ್ಮನ ಕಣ್ಣಿಗೆ ಕಣ್ಣು ಕೊಟ್ಟು ಹೇಳಿದರು.

"ಇಲ್ಲಿ ಮಕ್ಕಳು ಕಲಿಯೋಕೆ ಬರ್ತಾರೆ. ಅವರು ಒಳಗಿರಬೇಕೋ ಬೇಡವೋ ಅನ್ನೋದು ನಿಮ್ಮ ಇಷ್ಟ. ಬೇಡ ಅಂದರೆ ಚಿಕಿತ್ಸೆಯಲ್ಲಿ ಏನೂ ಕಮ್ಮಿ ಆಗಲ್ಲ."

ಜಾನಕಿಯಮ್ಮ ನರ್ಸಮ್ಮನನ್ನು ನೋಡಿದಳು, ನಿತ್ಯಾಳನ್ನು ನೋಡಿದಳು. "ಈ ಕಣ್ಣು ಇರಲಿ," ಎಂದು ಭಾವನಾಳ ಕಡೆ ಕೈ ತೋರಿಸಿದಳು. "ಬೇರೆಯವರು ಇವತ್ತು ಬೇಡ."

"ಸರಿ. ಈಗ ನಾನು ಏನು ಮಾಡ್ತೀನಿ ಅಂತ ಮೊದಲು ಹೇಳ್ತೀನಿ, ಆಮೇಲೆ ಮಾಡ್ತೀನಿ. ನೀವು ನಿಲ್ಲಿಸು ಅಂದರೆ ನಿಲ್ಲಿಸ್ತೀನಿ."

ಸೊಂಟದಿಂದ ಕೆಳಗೆ ದುಪ್ಪಟಿ ಹೊದಿಸಿದರು. ಬೇಕಾದಷ್ಟೇ ಸರಿಸಿದರು. ಒಮ್ಮೆ ಜಾನಕಿಯಮ್ಮ "ಸ್ವಲ್ಪ ಇರಿ" ಅಂದಾಗ ನಿಜವಾಗಿಯೂ ನಿಲ್ಲಿಸಿದರು. ಆಮೇಲೆ ಅವಳೇ "ಆಯ್ತು" ಅಂದಳು. ಮುಗಿದಾಗ, ಇಷ್ಟಕ್ಕಾಗಿ ಇಷ್ಟು ದಿನ ಹೆದರಿದೆನಲ್ಲ ಎಂದು ಅನ್ನಿಸಲಿಲ್ಲ. ನಾಚಿಕೆ ಆಗಿತ್ತು. ಆದರೆ ಅದನ್ನು ಆ ಕೋಣೆಯಲ್ಲಿದ್ದವರೆಲ್ಲ ಸೇರಿ ಹೊತ್ತಿದ್ದರು.

ಸ್ಕ್ಯಾನ್ ಮಾಡಿದರು. ಗರ್ಭಕೋಶದ ಒಳಪದರದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಕೇಳಲು ಹೋದ ದಿನ ಗೋಪಾಲಸಾಮಿಯೂ ಬಂದ. ಬಾಗಿಲ ಹೊರಗೆ ನಿಂತವನನ್ನು ಶೋಭನಾ ಡಾಕ್ಟರೇ ಒಳಗೆ ಕರೆದರು.

"ಕ್ಯಾನ್ಸರ್ ಇದೆ," ಅಂದರು ಅವರು, ಮಾತನ್ನು ಸುತ್ತಿ ಬಳಸದೆ. "ಹೀಗೆ ರಕ್ತ ಬರುವ ಬಹಳ ಮಂದಿಗೆ ಇದು ಇರಲ್ಲ, ಸಣ್ಣ ಕಾರಣವೇ ಇರುತ್ತೆ. ನಿಮಗೆ ಇದೆ. ಆದರೆ ಇನ್ನೂ ಶುರುವಿನಲ್ಲಿದೆ, ಗರ್ಭಕೋಶ ದಾಟಿ ಹೋದ ಹಾಗೆ ಕಾಣಲ್ಲ. ಆಪರೇಷನ್ ಮಾಡಿ ತೆಗೆದರೆ ಗುಣ ಆಗುವ ಭರವಸೆ ಚೆನ್ನಾಗಿದೆ. ಇನ್ನೂ ತಡ ಮಾಡಿದ್ದರೆ ನಾನು ಈ ಮಾತು ಹೇಳಕ್ಕೆ ಆಗ್ತಿರಲಿಲ್ಲ."

ಜಾನಕಿಯಮ್ಮನಿಗೆ ಮೊದಲು ಬಂದದ್ದು ಭಯವಲ್ಲ. "ಹಾಗಾದರೆ ಅದು ಮುಟ್ಟಲ್ಲ," ಅಂದಳು.

"ಅಲ್ಲ."

"ಅಮ್ಮನ ಅಕ್ಕಿ ಮೈಲಿಗೆ ಆಗಲಿಲ್ಲ."

ಶೋಭನಾ ಡಾಕ್ಟರಿಗೆ ಇದು ಪೂರ್ತಿ ತಿಳಿಯಲಿಲ್ಲ. ಭಾವನಾಳ ಕಡೆ ನೋಡಿದರು. ಭಾವನಾ, "ಆಗಲಿಲ್ಲ ಅಮ್ಮ," ಅಂದಳು. ಆಮೇಲೆ ಜಾನಕಿಯಮ್ಮ ಅತ್ತಳು. ಗೋಪಾಲಸಾಮಿ ತನ್ನ ಟವೆಲನ್ನು ಅವಳ ಕೈಗೆ ಕೊಟ್ಟ.

ಆಪರೇಷನ್ನಿನ ಹಿಂದಿನ ದಿನ ವಾರ್ಡಿನಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಆ ಆಸ್ಪತ್ರೆಯ ಮಕ್ಕಳು ಬೇಗ ಮರೆಯಲಾರರು. ಶೋಭನಾ ಡಾಕ್ಟರು ಹಾಸಿಗೆಯ ಹತ್ತಿರ ಬಂದು, "ಈ ಮಕ್ಕಳಿಗೆ ನಿಮ್ಮಿಂದ ಒಂದು ಪಾಠ ಬೇಕಿತ್ತು. ದೇಹದ್ದಲ್ಲ. ಆವತ್ತು ನೀವು ಎದ್ದು ಹೋದಾಗ ನಿಮಗೆ ಏನನ್ನಿಸಿತು ಅನ್ನೋದು. ಹೇಳ್ತೀರಾ? ಬೇಡ ಅಂದರೂ ಸರಿ," ಎಂದು ಕೇಳಿದರು.

ಜಾನಕಿಯಮ್ಮ ಎದ್ದು ಕೂತಳು. ಸೆರಗು ಸರಿಮಾಡಿಕೊಂಡಳು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಡಾಕ್ಟರಾಗುವ ಮಕ್ಕಳಿಗೆ ಪಾಠ ಹೇಳಿದಳು.

"ಸಾಮಿ, ನಾವು ಇಲ್ಲಿಗೆ ಬರುವಾಗ ಮನೆಯಲ್ಲಿ ಒಂದು ಸಲ ಸತ್ತು ಬಂದಿರ್ತೀವಿ. ನೀವು ಗುಂಪಾಗಿ ನಿಂತು ನೋಡಿದರೆ ಇನ್ನೊಂದು ಸಲ ಸಾಯ್ತೀವಿ. ನಿಮ್ಮ ಪ್ರಶ್ನೆ ನಿಮಗೆ ದಿನವೂ ಕೇಳಿ ಅಭ್ಯಾಸ. ನನಗೆ ಅದನ್ನ ಯಾರೂ ಯಾವತ್ತೂ ಕೇಳಿಲ್ಲ. ಮೊದಲು ಹೆಸರು ಕೇಳಿ. ಬಾಗಿಲು ಹಾಕಿ. ಆಮೇಲೆ ಕೇಳಿ. ನಾನು ಸುಮ್ಮನಿದ್ದರೆ ಮೊಂಡು ಅನ್ಕೋಬೇಡಿ. ಹೇಳಕ್ಕೆ ಹತ್ತಿರ ಬಂದಿರ್ತೀನಿ, ಸ್ವಲ್ಪ ಕಾಯಿರಿ."

ಹಿಂದುಗಡೆ ನಿಂತಿದ್ದ ಕುಮರೇಶನ್ ಮುಂದೆ ಬಂದ. ಅವನ ಮುಖ ಮತ್ತೆ ವಾರೆಯಾಗುತ್ತಿತ್ತು.

"ಅಮ್ಮಾ, ನಾನು ಆವತ್ತು..." ಅಂದ. ಮುಂದೆ ಬರಲಿಲ್ಲ.

"ಗೊತ್ತು ಸಾಮಿ. ಭಯ. ನನಗೂ ಅದೇ. ಮುಂದೆ ಯಾರಾದರೂ ನನ್ನಂಥವಳು ಬಂದರೆ, ನಗು ಬರೋ ಮೊದಲು 'ಅಮ್ಮಾ, ನಾನಿನ್ನೂ ಕಲೀತಾ ಇದ್ದೀನಿ' ಅಂತ ಹೇಳಿಬಿಡು. ಅವಳೇ ನಿನ್ನ ಕೈ ಹಿಡೀತಾಳೆ."

ಶೋಭನಾ ಡಾಕ್ಟರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಬಹಳ ವರ್ಷ ಪಾಠ ಹೇಳಿದವರು ಅವರು. ಆವತ್ತಿನ ಪಾಠವನ್ನು ಅಲ್ಲಿಗೇ ಮುಗಿಸಿದರು.

ಆಪರೇಷನ್ ಸುಸೂತ್ರವಾಗಿ ಆಯಿತು. ತೆಗೆದದ್ದನ್ನು ಪರೀಕ್ಷಿಸಿ, ಕಾಯಿಲೆ ಹರಡಿಲ್ಲ, ಹೇಳಿದಾಗ ಬಂದು ತೋರಿಸಿಕೊಂಡು ಹೋದರೆ ಸಾಕು ಎಂದು ಮನೆಗೆ ಕಳಿಸಿದರು.

ಮನೆಗೆ ಬಂದ ಮೇಲೆ ನೋಡಲು ಜನ ಬಂದರು. ಗೋಪಾಲಸಾಮಿಯ ಅಕ್ಕ ಸೋಮನೂರಿನಿಂದ ಹಣ್ಣು ಹಿಡಿದುಕೊಂಡು ಬಂದಳು. ಗುಡಿಯ ಹೆಂಗಸರು ಒಟ್ಟಾಗಿ ಬಂದು ಜಗಲಿ ತುಂಬ ಕೂತರು. ಬೀದಿಯ ಗಂಡಸರು ಬಾಗಿಲ ಬಳಿ ನಿಂತರು.

"ಏನು ಆಪರೇಷನ್ನಮ್ಮ?" ಎಂದು ಯಾರೋ ಕೇಳಿದರು.

ನಿತ್ಯಾ ಅತ್ತೆಯ ಮುಖ ನೋಡಿದಳು. ಜಾನಕಿಯಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಗೋಪಾಲಸಾಮಿಯ ಅಕ್ಕನೇ ಮುಂದಾಗಿ, "ಹೊಟ್ಟೆದು, ಹೊಟ್ಟೆದು. ಹೊಟ್ಟೆನೋವು ಇತ್ತಲ್ಲ," ಎಂದು ಮುಚ್ಚಿದಳು.

"ಹೊಟ್ಟೆದಲ್ಲ."

ಹೇಳಿದವನು ಗೋಪಾಲಸಾಮಿ. ಎಲ್ಲರೂ ಅವನ ಕಡೆ ತಿರುಗಿದರು. ಕಂಬಕ್ಕೆ ಒರಗಿ ನಿಂತಿದ್ದವನ ಕುತ್ತಿಗೆಯವರೆಗೂ ಕೆಂಪೇರಿತ್ತು. "ಗರ್ಭಕೋಶದ ಆಪರೇಷನ್. ಕ್ಯಾನ್ಸರ್ ಇತ್ತು. ಮುಟ್ಟು ನಿಂತ ಮೇಲೆ ರಕ್ತ ಬಂತು. ಇನ್ನೂ ತಡ ಮಾಡದೆ ಹೋಗಿ ತೋರಿಸಿದ್ದಕ್ಕೆ ಜೀವ ಉಳೀತು," ಅಂದ.

"ಲೇ ಗೋಪಾಲಾ!" ಅಕ್ಕನ ದನಿ ಮೇಲೇರಿತು. "ಇದನ್ನೆಲ್ಲ ನಾಲ್ಕು ಜನರ ಮುಂದೆ ಗಂಡಸು ಹೇಳ್ತಾನಾ? ನಾಚಿಕೆ ಆಗಲ್ವಾ ನಿನಗೆ?"

"ಆಗುತ್ತೆ ಅಕ್ಕಾ," ಅಂದ ಗೋಪಾಲಸಾಮಿ. "ಹೇಳ್ತಾ ಇದ್ದೀನಿ."

ಜಾನಕಿಯಮ್ಮ ಗಂಡನನ್ನು ನೋಡಿದಳು. ಮದುವೆಯಾದಾಗಿನಿಂದ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಗುಡಿಯ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು, ಹಲ್ಲಿಲ್ಲದ ಬಾಯಲ್ಲಿ, "ಸರಿಯಾಗೇ ಹೇಳಿದ. ಮೈ ವಾಸಿ ಆಗಲಿ, ಆಮೇಲೆ ಒನಕೆ ಹಿಡಿ ಬಾ," ಅಂದಳು. ಆಮೇಲೆ ಎಲ್ಲರೂ ಕಾಫಿ ಕುಡಿದು ಎದ್ದರು. ಒಬ್ಬಳು ಮಾತ್ರ ಲೋಟ ಬರಿದಾದ ಮೇಲೂ ಕೂತೇ ಇದ್ದಳು. ಗಂಡಸರೆಲ್ಲ ಹೋಗುವ ತನಕ ಲೋಟದ ತಳವನ್ನೇ ನೋಡುತ್ತಿದ್ದಳು. ಜಾನಕಿಯಮ್ಮ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು.

ಇದನ್ನು ಓದುತ್ತಿರುವವರೇ, ಯಾರೋ ಓದಿ ಹೇಳುತ್ತಿರುವುದನ್ನು ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಹೀಗೆ ಲೋಟದ ತಳ ನೋಡುತ್ತಾ ಕೂತವರು ಒಬ್ಬರು ಇರಬಹುದು. ಅದು ನೀವೇ ಇರಬಹುದು. ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಿ. ಎದೆಯಲ್ಲಿ ಗಂಟು ಸಿಕ್ಕರೆ, ಕೆಮ್ಮಿದಾಗ ಮೂತ್ರ ಜಾರಿದರೆ, ಹೇಳಬಾರದ ಜಾಗದಲ್ಲಿ ಹುಣ್ಣಾದರೆ, ಅದಕ್ಕೆ ಹೊಟ್ಟೆನೋವು ಎಂದು ಹೆಸರಿಡಬೇಡಿ. ಗಂಡಸರಿಗೂ ಇದೇ ಮಾತು. ನೀವು ಮುಚ್ಚಿಡುವ ಕಾಯಿಲೆಗಳೂ ಕಡಿಮೆಯೇನಲ್ಲ.

ಪರದೆ ಎಳೆಯಿರಿ ಎಂದು ಕೇಳಬಹುದು. ಹೆಂಗಸೊಬ್ಬರು ಪಕ್ಕದಲ್ಲಿರಲಿ ಎಂದು ಕೇಳಬಹುದು. ವಿದ್ಯಾರ್ಥಿಗಳು ಈಗ ಬೇಡ, ಸ್ವಲ್ಪ ನಿಲ್ಲಿಸಿ ಎನ್ನಬಹುದು. ನಿಮ್ಮ ಬಾಯಿಗೆ ಬರುವ ಭಾಷೆಯಲ್ಲೇ ಹೇಳಬಹುದು. ಇದರಲ್ಲಿ ಯಾವುದೂ ಹೆಚ್ಚಲ್ಲ. ಮತ್ತು ಬಿಳಿ ಕೋಟು ಹಾಕಿ ಕಲಿಯುತ್ತಿರುವ ಮಕ್ಕಳೇ, ನಿಮಗೆ ನಾಚಿಕೆಯಾದರೆ ಅದನ್ನು ಗದರಿಕೆಯಲ್ಲೋ ಅವಸರದಲ್ಲೋ ಮುಚ್ಚಬೇಡಿ. ಬಾಗಿಲು ಹಾಕಿ, ಕೂತುಕೊಳ್ಳಿ, ಕಾಯಿರಿ.

ಆಸ್ಪತ್ರೆಯ ಕುರ್ಚಿಯಲ್ಲಿ ಕೂತಾಗ ಕಾಯಿಲೆಯ ಹೆಸರು ಬಾಯಿಗೆ ಬರದಿದ್ದರೆ, "ನನಗೆ ಹೇಳಕ್ಕೆ ನಾಚಿಕೆ ಆಗುತ್ತೆ" ಎಂದಷ್ಟೇ ಹೇಳಿ. ಮುಂದಿನದನ್ನು ಕೇಳುವುದು ಅವರ ಕೆಲಸ. ಆದರೆ ಆ ಕುರ್ಚಿಯವರೆಗೆ ನಡೆದು ಹೋಗುವುದು ನಿಮ್ಮದು. ಈ ವಾರವೇ ಹೋಗಿ.